ಹಿಗ್ಗಿ ಕುಗ್ಗುವ ತೆಳು ಪಾಕೀಟು: ಅಳತೆಯಿಂದ ಹೊಲಿಗೆಯವರೆಗೆ

ಪಾಕೀಟು ದಪ್ಪವಾಗುವುದು ಅದರೊಳಗಿನ ರೊಕ್ಕದಿಂದ ಎಂದು ನಾವು ತಿಳಿದಿರುತ್ತೇವೆ. ಬಿಚ್ಚಿ ಅಳೆದು ನೋಡಿದರೆ ಬಹುಪಾಲು ದಪ್ಪ ತೊಗಲಿನದೇ ಆಗಿರುತ್ತದೆ. ಒಂದು ಎಟಿಎಂ ಕಾರ್ಡಿನ ದಪ್ಪ ಕೇವಲ 0.76 ಮಿ.ಮೀ. ಅದಕ್ಕೆಂದು ಮಾಡಿದ ಗೂಡಿನ ತೊಗಲು ಸುಮಾರು 1 ಮಿ.ಮೀ., ಅದರ ಹಿಂದೆ ಬಟ್ಟೆಯ ಅಸ್ತರು ಬೇರೆ. ಆರು ಕಾರ್ಡಿಗೆ ಆರು ಗೂಡು ಹೊಲಿದರೆ, ಹೊರುವ ವಸ್ತುವಿಗಿಂತ ಹೊತ್ತವನೇ ದಪ್ಪವಾಗುತ್ತಾನೆ. ಕಲಬುರಗಿಯ ನನ್ನ ಮನೆಯಲ್ಲಿ ಕುಳಿತು ನಾನು ಹೊಲಿದ ಮೊದಲ ಪಾಕೀಟು ಇದೇ ಬಗೆಯದಾಗಿತ್ತು. ಖಾಲಿ ಇದ್ದಾಗಲೇ ಅದು ಕಿಸೆಯಲ್ಲಿ ಉಬ್ಬಿ ಕಾಣುತ್ತಿತ್ತು. ಎರಡನೆಯದನ್ನು ತೆಳ್ಳಗೆ ಮಾಡಿದೆನಾದರೂ ಹಿಗ್ಗುವ ಕೆಲಸವನ್ನು ತೊಗಲಿಗೇ ಬಿಟ್ಟೆ. ಒಂದು ತಿಂಗಳು ಆರು ಕಾರ್ಡು ತುರುಕಿಟ್ಟ ಮೇಲೆ ಎರಡನ್ನು ಹೊರತೆಗೆದೆ. ಉಳಿದ ನಾಲ್ಕು ಸಡಿಲಾದವು, ಬಸ್ ನಿಲ್ದಾಣದಲ್ಲಿ ಚೀಲ ಎತ್ತಲು ಬಗ್ಗಿದಾಗ ಪ್ಯಾನ್ ಕಾರ್ಡು ಜಾರಿ ಬಿತ್ತು. ತೊಗಲು ಹಿಗ್ಗುತ್ತದೆ, ಆದರೆ ಮರಳಿ ಕುಗ್ಗುವುದಿಲ್ಲ. ಆದ್ದರಿಂದ ಈ ವಿನ್ಯಾಸದಲ್ಲಿ ಕಾರ್ಡುಗಳೆಲ್ಲಕ್ಕೂ ಒಂದೇ ಗೂಡು ಇದೆ, ಆ ಗೂಡನ್ನು ಹಿಗ್ಗಿಸುವ ಕೆಲಸ ಇಲಾಸ್ಟಿಕ್‌ನದು, ನೋಟಿನ ಜಾಗವನ್ನು ಹಿಗ್ಗಿಸುವ ಕೆಲಸ ಮಡಿಕೆಯದು. ತೊಗಲು ಆಕಾರವನ್ನು ಮಾತ್ರ ಕಾಯುತ್ತದೆ.

ಮೊದಲು ಅಳತೆ. ಬ್ಯಾಂಕ್ ಕಾರ್ಡು, ಪ್ಯಾನ್, ಚಾಲನಾ ಪರವಾನಗಿ, ಪಿವಿಸಿ ಆಧಾರ್ ಎಲ್ಲವೂ ಐಎಸ್ಒ 7810 ಮಾನಕದಂತೆ 85.6 ಮಿ.ಮೀ. ಅಗಲ, 54 ಮಿ.ಮೀ. ಎತ್ತರ ಇರುತ್ತವೆ. ಕಾಗದದ ಆಧಾರನ್ನು ಕತ್ತರಿಸಿ ಲ್ಯಾಮಿನೇಷನ್ ಮಾಡಿಸಿದ್ದರೆ ಅದು ಇದಕ್ಕಿಂತ ದೊಡ್ಡದಿರುವುದೇ ಹೆಚ್ಚು. ಅಂಥದ್ದು ನಿಮ್ಮಲ್ಲಿದ್ದರೆ ಪಿವಿಸಿ ಕಾರ್ಡು ತರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಒಂದು ದೊಡ್ಡ ಕಾರ್ಡಿಗಾಗಿ ಇಡೀ ಪಾಕೀಟನ್ನು ಅಗಲಿಸಬೇಕಾಗುತ್ತದೆ. ನೋಟುಗಳಲ್ಲಿ ಈಗಿನ 500 ರೂಪಾಯಿಯದು 150 × 66 ಮಿ.ಮೀ., 200 ರೂಪಾಯಿಯದು 146 × 66, ಹೊಸ 100 ರೂಪಾಯಿಯದು 142 × 66. ಇವಕ್ಕಿಂತ ಉದ್ದವಾಗಿದ್ದ 2000 ರೂಪಾಯಿಯ ನೋಟನ್ನು 2023ರಲ್ಲಿ ಚಲಾವಣೆಯಿಂದ ಹಿಂತೆಗೆದುಕೊಂಡದ್ದರಿಂದ ಅದರ ಚಿಂತೆ ಬೇಡ. ಹಳೆಯ ಸರಣಿಯ 100 ರೂಪಾಯಿ ನೋಟು ಮಾತ್ರ 157 × 73 ಮಿ.ಮೀ. ಇದ್ದು, ಅದು ಇಂದಿಗೂ ಸಂತೆಯಲ್ಲಿ ಕೈಗೆ ಬರುತ್ತದೆ. ಅದನ್ನು ಒಮ್ಮೆ ಮಡಚಿದರೆ 78.5 × 73 ಆಗುತ್ತದೆ. ನಮ್ಮ ನೋಟಿನ ಜಾಗಕ್ಕೆ ಇದೇ ಗಡಿ. ನಾಣ್ಯಗಳಿಗೆ ಇದರಲ್ಲಿ ಜಾಗವಿಲ್ಲ. 27 ಮಿ.ಮೀ. ಅಡ್ಡಳತೆಯ ಹತ್ತು, ಇಪ್ಪತ್ತರ ನಾಣ್ಯಗಳು ಎರಡು ಸೇರಿದರೂ ತೆಳು ಪಾಕೀಟಿನ ಬೆನ್ನು ಬಾಗುತ್ತದೆ.

ಗೂಡಿನ ಅಗಲವನ್ನು ಹೇಗೆ ನಿರ್ಧರಿಸಬೇಕೆಂಬುದನ್ನು ಇಲ್ಲಿ ನಿಧಾನವಾಗಿ ನೋಡೋಣ, ಏಕೆಂದರೆ ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಕಾರ್ಡಿನ ಅಗಲಕ್ಕೆ ಅಂದಾಜಿನ ಮೇಲೆ ಸ್ವಲ್ಪ ಕೂಡಿಸಿ ಹೊಲಿದರೆ ಒಂದೋ ಕಾರ್ಡು ಒಳಗೇ ಹೋಗದು, ಇಲ್ಲವೇ ನಿಲ್ಲದು. ಚಪ್ಪಟೆ ಗೂಡಿನ ಎರಡು ಪದರಗಳ ಒಟ್ಟು ಅಗಲವು ಕಾರ್ಡಿನ ಕಟ್ಟನ್ನು ಒಂದು ಸುತ್ತು ಸುತ್ತಬೇಕು. ಆ ಸುತ್ತಳತೆ ಎಂದರೆ ಕಾರ್ಡಿನ ಅಗಲದ ಎರಡು ಪಟ್ಟು ಮತ್ತು ಕಟ್ಟಿನ ದಪ್ಪದ ಎರಡು ಪಟ್ಟು ಸೇರಿದ ಮೊತ್ತ. ಮೂರು ಕಾರ್ಡಿನ ದಪ್ಪ ಸುಮಾರು 2.3 ಮಿ.ಮೀ., ಸುತ್ತಳತೆ ಸುಮಾರು 176. ಎಂಟು ಕಾರ್ಡಿನ ದಪ್ಪ ಸುಮಾರು 6.1, ಸುತ್ತಳತೆ 183ಕ್ಕೆ ತುಸು ಹೆಚ್ಚು. ಅಂದರೆ ಮೂರರಿಂದ ಎಂಟು ಕಾರ್ಡಿಗೆ ಹೋಗಲು ಬೇಕಾದ ಹಿಗ್ಗು ಕೇವಲ ಏಳೂವರೆ ಮಿ.ಮೀ. ಹೊಲಿಗೆಯಿಂದ ಹೊಲಿಗೆಗೆ ಹಿಂಬದಿಯ ಪದರ 89 ಮಿ.ಮೀ. ಇರಲಿ, ಮುಂಬದಿಯ ಪದರ 87 ಇರಲಿ. ಆ 87ರಲ್ಲಿ 75 ತೊಗಲು, 12 ಇಲಾಸ್ಟಿಕ್. ಹನ್ನೆರಡು ಮಿ.ಮೀ. ಇಲಾಸ್ಟಿಕ್ ಹತ್ತೊಂಬತ್ತೂವರೆಯವರೆಗೆ ಹಿಗ್ಗಿದರೆ ಎಂಟು ಕಾರ್ಡು ಕೂರುತ್ತವೆ, ಬಿಟ್ಟಾಗ ಮೂರು ಕಾರ್ಡನ್ನೂ ಅದು ಬಿಗಿಯಾಗಿ ಹಿಡಿಯುತ್ತದೆ. ಒಳ್ಳೆಯ ಇಲಾಸ್ಟಿಕ್‌ಗೆ ಇದು ದಣಿವಿನ ಕೆಲಸವೇನಲ್ಲ.

ಇನ್ನು ತುಂಡುಗಳು. ಮುಖ್ಯ ಮೈ ಒಂದೇ ತುಂಡು: ಅಗಲ 96 ಮಿ.ಮೀ., ಉದ್ದ 157. ಇದನ್ನು ಕೆಳಗಡೆ ಮಡಚಿದರೆ 80 ಮಿ.ಮೀ. ಎತ್ತರದ ಬೆನ್ನು, 74 ಮಿ.ಮೀ. ಎತ್ತರದ ನಡುಪದರ ಸಿಗುತ್ತವೆ, ಉಳಿದ 3 ಮಿ.ಮೀ. ಮಡಿಕೆಗೆ ಹೋಗುತ್ತದೆ. ಬೆನ್ನು ಮತ್ತು ನಡುಪದರದ ನಡುವೆ ನೋಟಿನ ಜಾಗ. ನಡುಪದರದ ಮೇಲಂಚಿನ ಮಧ್ಯದಲ್ಲಿ 20 ಮಿ.ಮೀ. ಅಗಲದ ಅರ್ಧಚಂದ್ರ ಕತ್ತರಿಸಿದರೆ ನೋಟು ಬೆರಳಿಗೆ ಸಿಗುತ್ತದೆ. ಕಾರ್ಡಿನ ಗೂಡಿನ ಮುಂಬದಿಗೆ 78.5 × 50 ಮಿ.ಮೀ. ತುಂಡು ಬೇಕು, ಅದರ ನಡುವೆ ಹೆಬ್ಬೆರಳು ಒತ್ತಿ ಕಾರ್ಡುಗಳನ್ನು ಮೇಲಕ್ಕೆ ತಳ್ಳಲು ಒಂದು ಅಂಡಾಕಾರದ ರಂಧ್ರ. ಅದಕ್ಕೆ ಜೋಡಿಸುವ ಇಲಾಸ್ಟಿಕ್ 50 ಮಿ.ಮೀ. ಅಗಲದ್ದು, ಟೇಲರುಗಳಿಗೆ ಸಾಮಾನು ಮಾರುವ ಅಂಗಡಿಗಳಲ್ಲಿ ಸೊಂಟಪಟ್ಟಿಗೆಂದು ಸಿಗುವಂಥದ್ದೇ ಸಾಕು. ಅದರಲ್ಲಿ 21 ಮಿ.ಮೀ. ಉದ್ದ ಕತ್ತರಿಸಿ. ಇಲಾಸ್ಟಿಕ್ ಹಿಗ್ಗುವುದು ಉದ್ದಕ್ಕೆ ಮಾತ್ರವಾದ್ದರಿಂದ ಅದರ ಉದ್ದವು ಪಾಕೀಟಿನ ಅಡ್ಡಕ್ಕೆ ಬರಬೇಕು ಎಂಬುದನ್ನು ಮರೆಯಬೇಡಿ.

ನೋಟಿನ ಜಾಗ ಹಿಗ್ಗಲು ಒಂದು ಮಡಿಕೆ ಪಟ್ಟಿ: ಎತ್ತರ 74 ಮಿ.ಮೀ., ಮೇಲೆ 24 ಅಗಲ, ಕೆಳಗೆ 14. ಇದನ್ನು ನಡುವೆ ಒಳಮುಖವಾಗಿ ಮಡಚಿ ಒಂದು ಬದಿಗೆ ಮಾತ್ರ ಹೊಲಿಯಬೇಕು. ಎರಡೂ ಬದಿಗೆ ಮಡಿಕೆ ಇಟ್ಟರೆ ಇನ್ನೂ ಚೆನ್ನಾಗಿ ಬಾಯಿ ತೆರೆಯುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಆದರೆ ಹೊಲಿಗೆಯ ಅಂಚು ಕಳೆದು ಮಡಿಕೆಯು ಒಳಗೆ ಸುಮಾರು ಎಂಟೂವರೆ ಮಿ.ಮೀ. ಚಾಚಿಕೊಳ್ಳುತ್ತದೆ. ಒಂದು ಬದಿಗಿದ್ದರೆ 89ರಲ್ಲಿ 80.5 ಉಳಿದು ಮಡಚಿದ ಹಳೆಯ ನೂರರ ನೋಟು ಸಲೀಸಾಗಿ ಇಳಿಯುತ್ತದೆ, ಎರಡೂ ಬದಿಗಿದ್ದರೆ 72 ಮಾತ್ರ ಉಳಿದು ಐನೂರರ ನೋಟೂ ಮಡಿಕೆಗೆ ಸಿಕ್ಕಿಕೊಳ್ಳುತ್ತದೆ. ಮಡಿಕೆಯು ಕೆಳಗೆ ಕಿರಿದಾಗಿರುವುದಕ್ಕೂ ಕಾರಣವಿದೆ. ತಳ ಮಡಚಿದ್ದರಿಂದ ಅಲ್ಲಿ ಹಿಗ್ಗಲು ಆಸ್ಪದವಿಲ್ಲ, ಹೆಚ್ಚಿನ ತೊಗಲು ಅಲ್ಲಿ ಗಂಟಾಗಿ ಕೂರುತ್ತದೆ. ಗರಿಗರಿಯಾದ ನೋಟಿನ ದಪ್ಪ ಮಿ.ಮೀ.ನ ಹತ್ತನೇ ಒಂದು ಭಾಗದ ಆಸುಪಾಸು, ಮಡಚಿದರೆ ಎರಡು ಪಟ್ಟು. ಹಾಗಾಗಿ ಮದುವೆಗೋ ಬೀಜ ಗೊಬ್ಬರದ ಖರೀದಿಗೋ ಹೊರಟ ದಿನ ಮೂವತ್ತು ನಲವತ್ತು ನೋಟು ಇದರಲ್ಲಿ ಹಿಡಿಯುತ್ತವೆ. ಮಿಕ್ಕ ದಿನಗಳಲ್ಲಿ ಮಡಿಕೆ ಮುಚ್ಚಿಕೊಂಡಿರುತ್ತದೆ.

ಬೆನ್ನಿನ ಹೊರಮೈಗೆ ಒಂದೇ ಕಾರ್ಡಿನ ಒಂದು ತೆಳು ಗೂಡು ಬೇಕೆಂಬುದು ನನ್ನ ಅಭಿಪ್ರಾಯ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಂದಿನಿಂದ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸು ಹತ್ತುವ ಹೆಣ್ಣುಮಕ್ಕಳು ಗುರುತಿನ ಚೀಟಿ ತೋರಿಸಬೇಕಾಗುತ್ತದೆ. ಕಿಕ್ಕಿರಿದ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬ ಹಿಡಿದು ನಿಂತವರಿಗೆ ಎಲ್ಲ ಕಾರ್ಡುಗಳ ನಡುವಿನಿಂದ ಆಧಾರ್ ಹುಡುಕುವುದು ಕಷ್ಟ. ಈ ಗೂಡಿಗೆ 95 × 40 ಮಿ.ಮೀ. ತುಂಡು ಸಾಕು. ಹೊಲಿಗೆಗಳ ನಡುವೆ 88 ಮಿ.ಮೀ. ಅಂತರವಿದ್ದರೆ ಒಂದು ಕಾರ್ಡು ಹಿತವಾಗಿ ಕೂರುತ್ತದೆ, ಮೇಲಿನ ಭಾಗ ಹೊರಗೇ ಇರುವುದರಿಂದ ಹೆಬ್ಬೆರಳಿಂದ ಎಳೆದರೆ ಬರುತ್ತದೆ. ತಟ್ಟಿ ಪಾವತಿಸುವ ಕಾರ್ಡುಗಳನ್ನು ದೂರದಿಂದ ಯಾರೂ ಓದದಿರಲೆಂದು ಲೋಹದ ಹಾಳೆಯ ಪದರವನ್ನು ನಾನು ಸೇರಿಸುವುದಿಲ್ಲ. ಆ ಕಾರ್ಡುಗಳು ಯಂತ್ರಕ್ಕೆ ಸ್ಪಂದಿಸುವುದು ಕೆಲವೇ ಸೆಂಟಿಮೀಟರ್ ದೂರದಿಂದ, ಬೇಡವೆನಿಸಿದರೆ ಆ ಸೌಲಭ್ಯವನ್ನು ಬ್ಯಾಂಕಿನ ಆ್ಯಪ್‌ನಲ್ಲೇ ನಿಲ್ಲಿಸಬಹುದು. ಅಯಸ್ಕಾಂತದ ಗುಂಡಿಯೂ ಬೇಡ, ಕಾರ್ಡಿನ ಕಪ್ಪು ಪಟ್ಟಿಗೆ ಅದು ಹಿತವಲ್ಲ.

ತೊಗಲು ಕತ್ತರಿಸುವ ಮೊದಲು ಕಾಗದದಲ್ಲಿ ಒಮ್ಮೆ ಮಾಡಿ ನೋಡಿ. ಲಗ್ನಪತ್ರಿಕೆಯ ದಪ್ಪ ಹಾಳೆ ಇದಕ್ಕೆ ಹೇಳಿ ಮಾಡಿಸಿದ್ದು, ಎರಡು ಅಂಟಿಸಿದರೆ ತೆಳು ತೊಗಲಿನ ದಪ್ಪಕ್ಕೆ ಹತ್ತಿರ ಬರುತ್ತದೆ. ಹೊಲಿಗೆಯ ಜಾಗದಲ್ಲಿ ಸ್ಟೇಪ್ಲರ್ ಪಿನ್ನು ಹೊಡೆದು, ನಿಮ್ಮವೇ ಕಾರ್ಡು ನೋಟುಗಳನ್ನು ಹಾಕಿ, ಎರಡು ದಿನ ಕಿಸೆಯಲ್ಲಿಟ್ಟುಕೊಂಡು ಓಡಾಡಿ. ಅಳತೆಯ ತಪ್ಪುಗಳು ಕಾಗದದಲ್ಲೇ ತಿಳಿದುಬಿಡುತ್ತವೆ.

ತೊಗಲಿಗೆ ಆಡಿನದು ಉತ್ತಮ. 0.8 ಮಿ.ಮೀ.ಗೆ ತೆಳುಮಾಡಿದರೂ ಅದರ ಕಸುವು ಹೋಗುವುದಿಲ್ಲ, ಕುರಿಯದು ಮೃದುವಾದರೂ ಬೇಗ ಜೋಲುತ್ತದೆ. ಮೈಗೆ ಮತ್ತು ಗೂಡಿಗೆ 0.8, ಮಡಿಕೆ ಪಟ್ಟಿಗೆ ಮತ್ತು ಹಿಂಬದಿಯ ಗೂಡಿಗೆ 0.6 ಮಿ.ಮೀ. ಇರಲಿ. ಎಲ್ಲ ತುಂಡುಗಳೂ ಸೇರಿ ಒಂದು ಚದರಡಿಯ ಮೂರನೇ ಒಂದು ಭಾಗವನ್ನೂ ಮುಟ್ಟುವುದಿಲ್ಲವಾದ್ದರಿಂದ ಚೀಲ ಹೊಲಿಯುವವರ ಬಳಿ ಉಳಿದ ತುಂಡುಗಳಲ್ಲೇ ಕೆಲಸವಾಗುತ್ತದೆ. ಆದರೆ ಆ ತುಂಡು ಹೊಟ್ಟೆಯ ಭಾಗದ್ದಾಗಿರಬಾರದು. ಎರಡೂ ಕೈಯಿಂದ ಉದ್ದಕ್ಕೂ ಅಡ್ಡಕ್ಕೂ ಎಳೆದು ನೋಡಿ, ಕಡಿಮೆ ಹಿಗ್ಗುವ ದಿಕ್ಕು ಪಾಕೀಟಿನ ಅಗಲಕ್ಕೆ ಬರುವಂತೆ ಕತ್ತರಿಸಿ. ಬಣ್ಣದ ಪರೀಕ್ಷೆಯೂ ಆಗಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟಿದಾಗ ಕಿಸೆ ಬೆವರಿನಿಂದ ಒದ್ದೆಯಾಗುತ್ತದೆ, ಕಚ್ಚಾ ಬಣ್ಣವಾದರೆ ಬಿಳಿ ಅಂಗಿ ಕೆಡುತ್ತದೆ. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಇಪ್ಪತ್ತು ಸಲ ಉಜ್ಜಿದರೆ ಸತ್ಯ ಗೊತ್ತಾಗುತ್ತದೆ.

ಕತ್ತರಿಸಿದ ಮೇಲೆ ಅಂಚುಗಳನ್ನು ಒಳಬದಿಯಿಂದ ಸವರಿ ತೆಳುಮಾಡಬೇಕು. ಹೊಲಿಗೆ ಬೀಳುವ 6 ಮಿ.ಮೀ. ಪಟ್ಟಿಯಲ್ಲಿ ಅರ್ಧದಷ್ಟು ದಪ್ಪ ಉಳಿದರೆ ಸಾಕು, ಏಕೆಂದರೆ ಮೂರು ಪದರ ಕೂಡುವುದು ಅಲ್ಲಿಯೇ. ಇದು ಕೈಹದದ ಕೆಲಸ. ಸಮಗಾರರ ರಂಪಿಗೆ ಇದಕ್ಕೆಂದೇ ಇರುವ ಆಯುಧ, ಸಮಗಾರ ಹರಳಯ್ಯನವರ ಕಾಯಕದ ಈ ಸೀಮೆಯಲ್ಲಿ ಅದನ್ನು ಹಿಡಿದು ಪಳಗಿದ ಹಿರಿಯರು ಇನ್ನೂ ಇದ್ದಾರೆ. ಅವರ ಪಕ್ಕ ಒಂದು ಮಧ್ಯಾಹ್ನ ಕುಳಿತು ನೋಡಿದಾಗಲೇ ನನಗೆ ಗೊತ್ತಾದದ್ದು, ಅಲಗನ್ನು ತಳ್ಳುವಾಗ ಬಲವೆಲ್ಲ ತೊಗಲನ್ನು ಒತ್ತಿ ಹಿಡಿದ ಎಡಗೈಯಲ್ಲಿರಬೇಕು, ಬಲಗೈ ಹಗುರವಾಗಿ ಜಾರಬೇಕು. ತೊಗಲಿನ ಕೆಳಗೆ ಶಹಾಬಾದ್ ಕಲ್ಲಿನ ಒಂದು ನುಣುಪು ತುಂಡು ಇಟ್ಟುಕೊಳ್ಳಿ. ನಮ್ಮ ಕಡೆ ನೆಲಕ್ಕೆ ಹಾಸಿ ಉಳಿದದ್ದು ಯಾವ ಮನೆಯ ಹಿತ್ತಿಲಲ್ಲಾದರೂ ಸಿಗುತ್ತದೆ. ಅದರ ಭಾರಕ್ಕೆ ಕೆಲಸ ಅಲುಗಾಡುವುದಿಲ್ಲ. ಹಲ್ಲುಳ್ಳ ಉಳಿಯಿಂದ ಹೊಲಿಗೆಯ ರಂಧ್ರ ಹೊಡೆಯುವಾಗ ಮಾತ್ರ ಕಲ್ಲಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಲಗೆ ಇರಲಿ, ಇಲ್ಲದಿದ್ದರೆ ಉಳಿಯ ಹಲ್ಲು ಮೊಂಡಾಗುತ್ತದೆ.

ಜೋಡಿಸುವ ಕ್ರಮ ತಪ್ಪಿದರೆ ಬಿಚ್ಚದೆ ಬೇರೆ ದಾರಿಯಿಲ್ಲ. ಮೊದಲು ಇಲಾಸ್ಟಿಕ್‌ನ 5 ಮಿ.ಮೀ. ಭಾಗವನ್ನು ಮುಂಬದಿಯ ತುಂಡಿನ ಬಲ ಅಂಚಿನ ಕೆಳಗಿಟ್ಟು ಹೊಲಿಯಿರಿ. ಇಲ್ಲಿ ತೊಗಲಿಗೆ ಮಾತ್ರ ಉಳಿಯಿಂದ ರಂಧ್ರ ಮಾಡಿ, ಇಲಾಸ್ಟಿಕ್‌ನೊಳಗೆ ಸೂಜಿಯನ್ನಷ್ಟೇ ತೂರಿಸಿ. ಉಳಿ ಹೊಡೆದರೆ ಒಳಗಿನ ರಬ್ಬರ್ ಎಳೆಗಳು ತುಂಡಾಗಿ ಕೆಲವೇ ವಾರದಲ್ಲಿ ಅದು ಸತ್ತುಹೋಗುತ್ತದೆ. ಆಮೇಲೆ ಮುಂಬದಿಯ ತುಂಡಿನ ತಳವನ್ನು ನಡುಪದರಕ್ಕೆ, ಮೈಯ ತಳದ ಮಡಿಕೆಯ ಗೆರೆಯಿಂದ 5 ಮಿ.ಮೀ. ಮೇಲಕ್ಕೆ, ಹೊಲಿಯಿರಿ. ಈ ಹೊಲಿಗೆ ಇಲಾಸ್ಟಿಕ್ ಶುರುವಾಗುವಲ್ಲಿ ನಿಲ್ಲಬೇಕು, ಅದರ ತಳವನ್ನೂ ಹೊಲಿದರೆ ಅದು ಹಿಗ್ಗುವುದು ಹೇಗೆ? ಹಿಂಬದಿಯ ಗೂಡನ್ನೂ ಈಗಲೇ ಬೆನ್ನಿಗೆ ಹೊಲಿದುಬಿಡಿ. ಮೈಯನ್ನು ಮಡಚಿದ ಮೇಲೆ ಇವನ್ನು ಹೊಲಿಯಲು ಹೋದರೆ ನೋಟಿನ ಬಾಯಿಯೇ ಮುಚ್ಚಿಹೋಗುತ್ತದೆ. ಮುಂದೆ ಎಡಬದಿಯಲ್ಲಿ ಮಡಿಕೆ ಪಟ್ಟಿಯ ಒಂದು ಅಂಚು, ನಡುಪದರ, ಮುಂಬದಿಯ ತುಂಡು ಮೂರನ್ನೂ ಸೇರಿಸಿ ಹೊಲಿಯಿರಿ. ಅನಂತರ ಮೈಯನ್ನು ಮಡಚಿ, ಬಲಬದಿಯಲ್ಲಿ ಇಲಾಸ್ಟಿಕ್‌ನ ತುದಿಯನ್ನೂ ಸೇರಿಸಿ ಮೇಲಿನಿಂದ ಕೆಳಗಿನವರೆಗೆ ಹೊಲಿಯಿರಿ. ಕೊನೆಯದಾಗಿ ಪಟ್ಟಿಯ ಇನ್ನೊಂದು ಅಂಚನ್ನು ಬೆನ್ನಿಗೆ ಹೊಲಿದರೆ ಪಾಕೀಟು ಪೂರ್ತಿಯಾಗುತ್ತದೆ.

ಹೊಲಿಯುವ ಮುನ್ನ ಅಂಚುಗಳಿಗೆ ರಬ್ಬರ್ ಅಂಟನ್ನು ತೆಳುವಾಗಿ ಹಚ್ಚಬೇಕು. ಎರಡೂ ಮೈಗೆ ಹಚ್ಚಿ, ಬೆರಳಿಗೆ ತಾಕಿದರೂ ಅಂಟದಷ್ಟು ಆರಿದ ಮೇಲೆ ಕೂಡಿಸಬೇಕು. ಬೇಸಿಗೆಯ ಮಧ್ಯಾಹ್ನ ಇಲ್ಲಿ ಅದು ಹಚ್ಚುತ್ತಿರುವಾಗಲೇ ಒಣಗುವುದರಿಂದ ಈ ಕೆಲಸವನ್ನು ನಸುಕಿನಲ್ಲೇ ಮುಗಿಸುವುದು ಲೇಸು. ಹೊಲಿಗೆ ಅಂಚಿನಿಂದ 3.5 ಮಿ.ಮೀ. ಒಳಗೆ, ರಂಧ್ರಗಳ ನಡುವೆ 3 ಮಿ.ಮೀ. ಅಂತರ, 0.6 ಮಿ.ಮೀ. ದಪ್ಪದ ಮೇಣದ ಪಾಲಿಯೆಸ್ಟರ್ ದಾರ, ಹೊಲಿಗೆಯ ಉದ್ದದ ನಾಲ್ಕು ಪಟ್ಟು. ದಾರದ ಎರಡೂ ತುದಿಗೆ ಸೂಜಿ ಕಟ್ಟಿ, ಪ್ರತಿ ರಂಧ್ರದಲ್ಲಿ ಎರಡನ್ನೂ ಎದುರುಬದುರು ದಾಟಿಸುತ್ತ ಹೋಗಿ. ಯಂತ್ರದ ಹೊಲಿಗೆಯಲ್ಲಿ ಒಂದು ಕಡೆ ದಾರ ಹರಿದರೆ ಸಾಲು ಬಿಚ್ಚುತ್ತ ಬರುತ್ತದೆ. ಈ ಹೊಲಿಗೆಯಲ್ಲಿ ಒಂದು ಎಳೆ ಹರಿದರೂ ಇನ್ನೊಂದು ಎಳೆ ಹಿಡಿದಿರುತ್ತದೆ. ನೋಟಿನ ಬಾಯಿಯ ಬಳಿ ಎರಡು ಸುತ್ತು ಹೆಚ್ಚಿಗೆ ಹಾಕಿ, ಎಳೆತ ಹೆಚ್ಚಾಗಿ ಬೀಳುವುದು ಅಲ್ಲಿ.

ಅಂಚನ್ನು 400 ನಂಬರಿನ ಉಪ್ಪುಕಾಗದದಿಂದ ಸಮಮಾಡಿ, ಸಸ್ಯದ ಒಗರಿನಿಂದ ಹದಮಾಡಿದ ತೊಗಲಾದರೆ ತುಸು ನೀರು ಸವರಿ ಮರದ ತುಂಡಿನಿಂದ ಉಜ್ಜಿ, ಜೇನುಮೇಣ ತಿಕ್ಕಿ ಮತ್ತೆ ಉಜ್ಜಿದರೆ ಹೊಳಪು ಬರುತ್ತದೆ. ಕ್ರೋಮ್ ಹದದ ತೊಗಲು ಹೀಗೆ ಹೊಳೆಯದು, ಅದಕ್ಕೆ ಅಂಚಿನ ಬಣ್ಣವನ್ನೇ ಹಚ್ಚಬೇಕು.

ಮುಂಬದಿಯಲ್ಲಿ ನಾಲ್ಕು, ಹಿಂಬದಿಯಲ್ಲಿ ಒಂದು ಕಾರ್ಡು, ಮಡಚಿದ ಐದು ನೋಟು ಇಟ್ಟಾಗ ಇದರ ದಪ್ಪ 8 ಮಿ.ಮೀ. ಆಸುಪಾಸು ಬರಬೇಕು. ಹತ್ತನ್ನು ದಾಟಿದರೆ ಅಂಚು ಸವರಿದ್ದು ಸಾಲದು ಎಂದರ್ಥ. ಮೊದಲ ರಾತ್ರಿ ಮುಂಬದಿಯ ಗೂಡಿನಲ್ಲಿ ಮೂರೇ ಕಾರ್ಡು ಇಟ್ಟು, ಅದೇ ಶಹಾಬಾದ್ ಕಲ್ಲಿನ ಅಡಿಯಲ್ಲಿ ಒತ್ತಿಡಿ. ಮಡಿಕೆಯ ಗೆರೆ ಅಲ್ಲೇ ಕೂರುತ್ತದೆ. ಬೈಕಿನ ಪೆಟ್ಟಿಗೆಯಲ್ಲಿ ಬಿಸಿಲಿಗೆ ಬಿಡಬೇಡಿ, ತೊಗಲಿಗಿಂತ ಮೊದಲು ಸೋಲುವುದು ಇಲಾಸ್ಟಿಕ್. ಅದು ಸಡಿಲವಾದ ದಿನ ಬಲಬದಿಯ ಒಂದು ಸಾಲು ಮತ್ತು ಗೂಡಿನ ಅಂಚಿನ ಒಂದು ಸಾಲು ಬಿಚ್ಚಿ, 21 ಮಿ.ಮೀ. ಹೊಸ ತುಂಡನ್ನು ಅದೇ ರಂಧ್ರಗಳಿಗೆ ಹೊಲಿದರಾಯಿತು.