ಒಂದು ಪೆನ್ಸಿಲ್, ಒಂದು ಬಂಡೆ: ದುರ್ಗದಲ್ಲಿ ಡಿಗ್ರಿ ಮೊದಲ ವರ್ಷಕ್ಕೆ ಸೇರಿದವರಿಗೆ

ಕಾಲೇಜಿಗೆ ಸೇರಿದ ಹೊಸತರಲ್ಲೇ ನಿಮ್ಮನ್ನು ಯಾವುದಾದರೊಂದು ವ್ಯಕ್ತಿತ್ವ ವಿಕಸನ ಶಿಬಿರದಲ್ಲಿ ಕೂರಿಸುತ್ತಾರೆ. ಕೋಟು ತೊಟ್ಟವರೊಬ್ಬರು ಬಂದು, ಬೆಳಗಿನ ಜಾವ ಏಳಿ, ಕನ್ನಡಿಯ ಮುಂದೆ ನಿಂತು ಮಾತನಾಡಿ, ಗುರಿಯನ್ನು ಬರೆದು ಗೋಡೆಗೆ ಅಂಟಿಸಿ ಎಂದು ಹೇಳಿ ಹೋಗುತ್ತಾರೆ. ಕೇಳಿಸಿಕೊಳ್ಳಿ, ಚಪ್ಪಾಳೆ ತಟ್ಟಿ, ಕೊಟ್ಟ ಬಿಸ್ಕತ್ತು ತಿನ್ನಿ. ಅಲ್ಲಿಂದ ನೇರವಾಗಿ ಪುಸ್ತಕದ ಅಂಗಡಿಗೆ ಹೋಗಿ ಒಂದು ಪೆನ್ಸಿಲ್ ಕೊಳ್ಳಿ. ನಾನು ಹೇಳಹೊರಟಿರುವುದು ಶಿಬಿರಕ್ಕಿಂತ ಅಗ್ಗದ, ಆದರೆ ತುಂಬಾ ನಿಧಾನದ ದಾರಿ. ಚಿತ್ರದುರ್ಗದಲ್ಲಿರುವ ಮೂರು ವರ್ಷಗಳಲ್ಲಿ ಒಂದು ಬಂಡೆಯ ಚಿತ್ರವನ್ನು ನೆಟ್ಟಗೆ ಬರೆಯಲು ಕಲಿಯಿರಿ. ಉಳಿದದ್ದು ಅದರ ಬೆನ್ನಿಗೇ ಬರುತ್ತದೆ.

ನಾನು ಕಲಾವಿದೆಯಲ್ಲ. ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಬಿ.ಕಾಂ. ಓದಿದ್ದು ಚಿತ್ರದುರ್ಗದ ಹಾಸ್ಟೆಲ್‌ನಲ್ಲಿದ್ದುಕೊಂಡು. ಭಾನುವಾರಗಳನ್ನು ಕಳೆದದ್ದು ಕೋಟೆಯಲ್ಲಿ. ಹತ್ತನೇ ತರಗತಿಯ ಆಚೆ ಚಿತ್ರಕಲೆಯ ಹೆಸರೆತ್ತದವರು, ‘ನನಗೆ ನೆಟ್ಟಗೆ ಗೆರೆ ಎಳೆಯಲೂ ಬರುವುದಿಲ್ಲ’ ಎನ್ನುವವರು ನನ್ನ ಓದುಗರು. ನೆಟ್ಟಗಿನ ಗೆರೆಗೆ ಸ್ಕೇಲ್ ಇದೆ. ಬಂಡೆಯಲ್ಲಿ ಅಂಥ ಗೆರೆ ಒಂದೂ ಇರುವುದಿಲ್ಲ.

ಸಾಮಾನಿನ ವಿಷಯ ಬೇಗ ಮುಗಿಸೋಣ. ಒಂದು 2ಬಿ, ಒಂದು 6ಬಿ ಪೆನ್ಸಿಲ್ ಸಾಕು. ‘ಬಿ’ಯ ಹಿಂದಿನ ಅಂಕಿ ಹೆಚ್ಚಿದಷ್ಟೂ ಒಳಗಿನ ಕಡ್ಡಿಯಲ್ಲಿ ಗ್ರಾಫೈಟ್ ಹೆಚ್ಚು, ಜೇಡಿ ಕಡಿಮೆ, ಗೆರೆ ಮೃದುವಾಗಿ, ಕಪ್ಪಾಗಿ ಬರುತ್ತದೆ. ಮೆಂಡರ್ ಬೇಡ, ಬ್ಲೇಡಿನಿಂದ ಕಡ್ಡಿ ಉದ್ದವಾಗಿ ಕಾಣುವಂತೆ ಹೆರೆಯಿರಿ. ಡ್ರಾಯಿಂಗ್ ಪುಸ್ತಕಕ್ಕೆ ದುಡ್ಡು ಸುರಿಯಬೇಡಿ. ಜೆರಾಕ್ಸ್ ಅಂಗಡಿಯವರು ಕೆಟ್ಟ ಪ್ರತಿಗಳನ್ನು ಮೂಲೆಯಲ್ಲಿ ರಾಶಿ ಹಾಕಿರುತ್ತಾರೆ. ಒಂದು ಬದಿ ಖಾಲಿ ಇರುವ ಆ ಹಾಳೆಗಳನ್ನು ಕೇಳಿ ಪಡೆದು, ರಟ್ಟಿಗೆ ಕ್ಲಿಪ್ ಹಾಕಿ ಹಿಡಿದುಕೊಳ್ಳಿ. ಬೆಲೆಬಾಳುವ ಹಾಳೆಯ ಮೇಲೆ ಕೈ ಹೆದರುತ್ತದೆ. ಯಾರದೋ ಆಧಾರ್ ಕಾರ್ಡಿನ ಮಸುಕು ಪ್ರತಿ ಬಂದರೆ ಮಾತ್ರ ಹರಿದು ಹಾಕಿ. ರಬ್ಬರ್ ತರಬೇಡಿ. ತಪ್ಪಿದ ಗೆರೆಯ ಪಕ್ಕದಲ್ಲೇ ಸರಿಯಾದ ಗೆರೆ ಎಳೆಯಿರಿ, ಎರಡೂ ಇರಲಿ.

ಕೋಟೆಗೆ ಪುರಾತತ್ತ್ವ ಇಲಾಖೆಯ ಟಿಕೆಟ್ ಇರುವುದರಿಂದ ವಾರಕ್ಕೊಮ್ಮೆ ಹೋಗಿ, ಹೋದ ದಿನ ಹೊತ್ತು ತೆಗೆದುಕೊಳ್ಳಿ. ಬೆಳಗ್ಗೆ ಬೇಗ ಒಳಗಿರಬೇಕು. ನೆತ್ತಿಯ ಮೇಲಿನ ಬಿಸಿಲಿಗೆ ಬಂಡೆ ಚಪ್ಪಟೆಯಾಗಿ ಕಾಣುತ್ತದೆ. ಬೆಳಗಿನ ಓರೆ ಬಿಸಿಲು ಅದರ ಒಂದೊಂದು ತಗ್ಗನ್ನೂ ತೋರಿಸುತ್ತದೆ. ನೀರಿನ ಬಾಟಲಿ ಇರಲಿ, ತಿಂಡಿಯ ಪೊಟ್ಟಣ ಬೇಡ, ಕೋತಿಗಳು ಬಿಡುವುದಿಲ್ಲ. ಹುಡುಗಿಯರಿಗೆ ಒಂದು ಮಾತು: ಇಬ್ಬರಾಗಿ ಹೋಗಿ, ಜನ ಓಡಾಡುವ ಜಾಗದಲ್ಲೇ ಕೂರಿ. ನಮ್ಮ ಹಾಸ್ಟೆಲ್‌ನಲ್ಲಿ ‘ಓದಲು ಹೋಗುತ್ತೇವೆ’ ಎಂದರೆ ಗೇಟು ತೆರೆಯುತ್ತಿತ್ತು, ‘ಚಿತ್ರ ಬರೆಯಲು’ ಎಂದರೆ ಪ್ರಶ್ನೆಗಳು ಶುರುವಾಗುತ್ತಿದ್ದವು. ಏನು ಹೇಳಬೇಕೆಂಬುದು ನಿಮಗೆ ಬಿಟ್ಟದ್ದು.

ಒಳಗೆ ಹೋದ ಮೇಲೆ ಏಳು ಸುತ್ತನ್ನೂ ಒಂದೇ ದಿನ ಸುತ್ತುವ ಹಟ ಬೇಡ. ಹಿಡಿಂಬೇಶ್ವರನ ಗುಡಿಯ ಆಸುಪಾಸಿನಲ್ಲೋ, ಗೋಪಾಲಸ್ವಾಮಿ ಹೊಂಡದ ದಂಡೆಯಲ್ಲೋ, ನೆರಳಿರುವ ಕಡೆ ಒಂದು ಜಾಗ ಹಿಡಿಯಿರಿ. ಇಡೀ ಸೆಮಿಸ್ಟರ್ ಅದೇ ಜಾಗ, ಅದೇ ಬಂಡೆ.

ಈಗ ಕೆಲಸ. ಮೊದಲು ಬಂಡೆಯನ್ನು ಬರೆಯಬೇಡಿ, ಆಕಾಶವನ್ನು ಬರೆಯಿರಿ. ಎರಡು ಬಂಡೆಗಳ ನಡುವೆ ಆಕಾಶದ ಒಂದು ತುಂಡು ಸಿಕ್ಕಿಕೊಂಡಿರುತ್ತದೆ. ಅದರ ಅಂಚನ್ನು ಅನುಸರಿಸಿ ಗೆರೆ ಎಳೆಯಿರಿ. ಬಂಡೆ ಎಂದ ಕೂಡಲೇ ಕೈ ತಾನಾಗಿ ಗುಂಡಗೆ ತಿರುಗುತ್ತದೆ, ಏಕೆಂದರೆ ಬಂಡೆ ಗುಂಡಗಿರುತ್ತದೆ ಎಂದು ತಲೆ ಮೊದಲೇ ತೀರ್ಮಾನಿಸಿಬಿಟ್ಟಿದೆ. ಆಕಾಶದ ಆ ತುಂಡಿನ ಬಗ್ಗೆ ತಲೆಗೆ ಯಾವ ತೀರ್ಮಾನವೂ ಇಲ್ಲದ ಕಾರಣ ಅದು ಕಣ್ಣನ್ನೇ ಕೇಳಬೇಕಾಗುತ್ತದೆ. ತುಂಡು ಸರಿಯಾಗಿ ಬಂತೆಂದರೆ ಎರಡೂ ಬಂಡೆಗಳ ಒಳ ಅಂಚು ಪುಕ್ಕಟೆಯಾಗಿ ಸಿಕ್ಕಂತಾಯಿತು.

ಅಳತೆಗೆ ಪೆನ್ಸಿಲ್ಲೇ ಕೋಲು. ಕೈಯನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಬಂಡೆಯ ಎತ್ತರಕ್ಕೆ ಪೆನ್ಸಿಲ್ಲಿನ ತುದಿಯಿಂದ ಹೆಬ್ಬೆರಳವರೆಗೆ ಗುರುತು ಹಿಡಿಯಿರಿ. ಅದೇ ಗುರುತನ್ನು ಅಡ್ಡ ತಿರುಗಿಸಿ, ಅಗಲ ಎತ್ತರದ ಎಷ್ಟು ಪಾಲಿದೆ ನೋಡಿ. ಮೊಣಕೈ ಮಡಚಿದಿರೋ ಲೆಕ್ಕ ತಪ್ಪಿತು.

ಆಮೇಲೆ ಕಣ್ಣನ್ನು ಅರ್ಧ ಮುಚ್ಚಿ ನೋಡಿ. ಚಿಲ್ಲರೆ ವಿವರಗಳೆಲ್ಲ ಮಾಯವಾಗಿ ಬಿಳುಪು, ನಡು ಬೂದು, ಕಪ್ಪು ಎಂಬ ಮೂರೇ ಬಣ್ಣ ಉಳಿಯುತ್ತವೆ. ಬಿಳುಪಿಗೆ ಹಾಳೆಯನ್ನು ಹಾಗೆಯೇ ಬಿಡಿ, ಬೂದಿಗೆ 2ಬಿಯನ್ನು ಓರೆಯಾಗಿ ಹಿಡಿದು ಸವರಿ, ಬಂಡೆ ನೆಲಕ್ಕೆ ತಾಗುವ ಸಂದಿಗೆ ಮಾತ್ರ 6ಬಿಯನ್ನು ಒತ್ತಿ. ಆ ಕಪ್ಪು ಬೀಳದಿದ್ದರೆ ಎಷ್ಟೇ ಚೆಂದ ಬರೆದರೂ ಬಂಡೆ ಗಾಳಿಯಲ್ಲಿ ತೇಲುತ್ತದೆ.

ಇನ್ನು ಕಪ್ಪು ಪಟ್ಟೆಗಳು. ಮಳೆನೀರು ಇಳಿದಲ್ಲೆಲ್ಲ ದುರ್ಗದ ಬಂಡೆಗಳ ಮೈಮೇಲೆ ಕಪ್ಪು ಪಟ್ಟೆಗಳಿವೆ. ದಿನವೂ ನೋಡಿ ನೋಡಿ ಅವು ನಮಗೆ ಕಾಣುವುದೇ ಇಲ್ಲ. ನೀರು ಇಳಿಜಾರನ್ನು ಹಿಡಿದು ಹರಿಯುತ್ತದಲ್ಲ, ಆದ್ದರಿಂದ ಬಂಡೆಯ ಆಕಾರದ ನಕ್ಷೆ ಅಲ್ಲೇ ಬರೆದಿಟ್ಟಂತಿದೆ. ಪಟ್ಟೆ ನೇರವಾಗಿ ಇಳಿದಿದ್ದರೆ ಆ ಮುಖ ಕಡಿದಾಗಿದೆ, ಬಳುಕಿ ಪಕ್ಕಕ್ಕೆ ಸರಿದಿದ್ದರೆ ಅಲ್ಲೊಂದು ಉಬ್ಬಿದೆ, ಥಟ್ಟನೆ ನಿಂತಿದ್ದರೆ ಅದರ ಕೆಳಗೆ ಬಂಡೆ ಒಳಕ್ಕೆ ಸರಿದಿದೆ. ನೆರಳು ಹಾಕಲು ಬಾರದವರೂ ಈ ಪಟ್ಟೆಗಳನ್ನು ಇದ್ದಂತೆ ಇಳಿಸಿದರೆ ಬಂಡೆ ಹಾಳೆಯಿಂದ ಎದ್ದು ಬರುತ್ತದೆ. ಈ ಕಲ್ಲು 200 ಕೋಟಿ ವರ್ಷಗಳಿಗೂ ಹಿಂದಿನದು. ಬಿಸಿಲಿಗೆ, ಮಳೆಗೆ ಇದರ ಮೈ ಪದರ ಪದರವಾಗಿ ಕಳಚುತ್ತದೆ. ಮೂಲೆಗಳು ಎಲ್ಲಕ್ಕಿಂತ ಮೊದಲು ಸವೆಯುವುದರಿಂದಲೇ ಬಂಡೆ ಗುಂಡಗಾಗುತ್ತದೆ. ಕಳಚಿದ ಪದರದ ಅಂಚಿನಲ್ಲಿ ತೆಳ್ಳನೆಯ ನೆರಳಿನ ಗೆರೆ ಇರುತ್ತದೆ. ಹುಡುಕಿ ಬರೆಯಿರಿ.

ಎರಡನೆಯ ಸೆಮಿಸ್ಟರ್‌ಗೆ ಮನುಷ್ಯರ ಕೈ ತಾಗಿದ ಕಲ್ಲಿಗೆ ಬನ್ನಿ. ಅಲ್ಲಲ್ಲಿ ಬಂಡೆಯ ಮೇಲೆ ಹೊಲಿಗೆ ಹಾಕಿದಂತೆ ಸಾಲಾಗಿ ಚಿಕ್ಕ ಚಿಕ್ಕ ಕುಳಿಗಳು ಕಾಣುತ್ತವೆ. ಕಲ್ಲುಕುಟಿಗರು ಉಳಿಯಿಂದ ಕುಳಿ ತೋಡಿ, ಬೆಣೆ ಬಡಿದು, ಬಂಡೆಯನ್ನು ಸೀಳಿದ ಗುರುತು ಅದು. ಸೀಳದೆ ಅರ್ಧಕ್ಕೇ ಕೈಬಿಟ್ಟ ಸಾಲುಗಳೂ ಇವೆ, ನನಗೆ ಅವೇ ಹೆಚ್ಚು ಇಷ್ಟ. ಹೀಗೆ ಸೀಳಿ ತೆಗೆದ ಕಲ್ಲನ್ನೇ ಗೋಡೆಗೆ ಏರಿಸಿ, ಹಲವೆಡೆ ಗಾರೆಯಿಲ್ಲದೆ ಒಂದರ ಅಂಚಿಗೆ ಇನ್ನೊಂದನ್ನು ಹೊಂದಿಸಿದ್ದಾರೆ. ಗೋಡೆ ಬರೆಯುವಾಗ ಕಲ್ಲುಗಳನ್ನು ಒಂದೊಂದಾಗಿ ಎಣಿಸುತ್ತಾ ಕೂರಬೇಡಿ. ಮೂರೋ ನಾಲ್ಕೋ ಕಲ್ಲುಗಳು ಕೂಡುವ ಒಂದು ಮೂಲೆಯನ್ನು ಮಾತ್ರ ಬಿಡಿಸಿ, ಉಳಿದ ಗೋಡೆಗೆ ಬೂದು ಸವರಿ ಬಿಡಿ.

ಒಂದು ಜಗಳದ ವಿಷಯ. ನಮ್ಮ ಜಿಲ್ಲೆಯ ಯಾವ ಚಿತ್ರ ಸ್ಪರ್ಧೆ, ರಂಗೋಲಿ ಸ್ಪರ್ಧೆಗೆ ಹೋದರೂ ಒನಕೆ ಎತ್ತಿದ ಓಬವ್ವ ಸಾಲಾಗಿ ನಿಂತಿರುತ್ತಾಳೆ. ಕಚ್ಚೆ ಸೀರೆ, ಕೆಂಪು ಕಣ್ಣು, ಒಂದೇ ಭಂಗಿ. ದಯವಿಟ್ಟು ಓಬವ್ವನನ್ನು ಬರೆಯಬೇಡಿ, ಕಿಂಡಿಯನ್ನು ಬರೆಯಿರಿ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಲೇಬೇಕಾಗಿದ್ದ ಆ ಇಕ್ಕಟ್ಟಿನಲ್ಲಿ ಕಥೆಯೆಲ್ಲ ಇದೆ. ಎದುರಿನಲ್ಲಿ ಸೆಲ್ಫಿಯ ಗದ್ದಲ ಕರಗುವವರೆಗೆ ಕಾದು, ಸುತ್ತಲಿನ ಬೆಳಕಿನ ಕಲ್ಲನ್ನು ಹಗುರವಾಗಿ ಗುರುತಿಸಿ, ಒಳಗಿನ ಕತ್ತಲಿಗೆ ನಿಮ್ಮ 6ಬಿಯನ್ನು ಖಾಲಿ ಮಾಡಿ. ಕತ್ತಲೂ ಒಂದೇ ಸಮನಿರುವುದಿಲ್ಲ, ಬುಡದ ಕಡೆ ನೆಲದ ಬೆಳಕು ಸ್ವಲ್ಪ ಒಳಕ್ಕೆ ಹೋಗಿರುತ್ತದೆ. ಆ ಚಿತ್ರದಲ್ಲಿ ಓಬವ್ವ ಇಲ್ಲವೆಂದು ಹೇಳುವ ತೀರ್ಪುಗಾರರಿಂದ ಬಹುಮಾನ ಬಾರದಿದ್ದರೂ ನಷ್ಟವಿಲ್ಲ.

ಬರೆಯುತ್ತಾ ಕೂತರೆ ಜನ ಸೇರುತ್ತಾರೆ. ಮೊದಮೊದಲು ಇದೇ ದೊಡ್ಡ ಕಷ್ಟ. ಹೆಗಲ ಮೇಲಿಂದ ಇಣುಕಿ, ‘ನನ್ನ ಮುಖ ಬರೆದುಕೊಡುತ್ತೀರಾ?’, ‘ಯಾವ ಕಾಲೇಜು?’, ‘ಇದರಿಂದ ಕೆಲಸ ಸಿಗುತ್ತದಾ?’ ಎನ್ನುತ್ತಾರೆ. ಹಾಳೆ ಮುಚ್ಚಬೇಡಿ. ಮುಚ್ಚಿದರೆ ಕುತೂಹಲ ಹೆಚ್ಚುತ್ತದೆ, ತೋರಿಸಿದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಗೈಡ್‌ಗಳು ಬಂದರೆ ಮಾತ್ರ ನೀವೇ ಮಾತು ಬೆಳೆಸಿ. ಯಾವ ಬಂಡೆಯ ಮೇಲೆ ಬೆಳಕು ಯಾವಾಗ ಬೀಳುತ್ತದೆ ಎಂಬುದು ಅವರಿಗೆ ಬಾಯಿಪಾಠ. ತರಗತಿಯಲ್ಲಿ ಹಾಜರಿ ಕೂಗುವಾಗಲೂ ದನಿ ಹೊರಡದ ನಾನು ಅಪರಿಚಿತರಿಗೆ ನನ್ನ ಅರೆಬರೆ ಚಿತ್ರ ತೋರಿಸಿ, ‘ಇನ್ನೂ ಮುಗಿದಿಲ್ಲ’ ಎಂದು ಹೇಳುವುದನ್ನು ಅಲ್ಲಿ ಕಲಿತೆ. ಆಡಿಟರ್ ಮುಂದೆ ಕೂರುವಾಗ ಇವತ್ತಿಗೂ ಅದೇ ಮಾತು ಕೆಲಸಕ್ಕೆ ಬರುತ್ತಿದೆ.

ಕೈ ಸ್ವಲ್ಪ ಪಳಗಿದ ಮೇಲೆ ಹರಿಹರಕ್ಕೊಮ್ಮೆ ಹೋಗಿ, ದಾವಣಗೆರೆಯಿಂದ ಸುಮಾರು 15 ಕಿಲೋಮೀಟರ್. ಹರಿಹರೇಶ್ವರ ದೇವಾಲಯವನ್ನು 1224ರ ವೇಳೆಗೆ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಅಲ್ಲಿಯ ಕಂಬಗಳ ನುಣುಪು, ಉಂಗುರ ಉಂಗುರವಾದ ಅಂಚು ನೋಡುತ್ತಿದ್ದರೆ ಕೋಟೆಯ ಕಲ್ಲುಕುಟಿಗರು ಒರಟರು ಎನಿಸಬಹುದು. ಹಾಗಲ್ಲ. ಹೊಯ್ಸಳರ ಶಿಲ್ಪಿಗಳ ಕೈಯಲ್ಲಿದ್ದದ್ದು ಬಳಪದ ಕಲ್ಲು, ಉಳಿಗೆ ಮೆತ್ತಗೆ ಬಗ್ಗುತ್ತದೆ. ದುರ್ಗದವರ ಪಾಲಿಗೆ ಬಂದದ್ದು ಉಳಿಯ ಮೊನೆಯನ್ನೇ ಮುರಿಯುವ ಕಗ್ಗಲ್ಲು. ದುರ್ಗದ ಬಂಡೆಗೆ ಹಾಕಿದ ಗೆರೆಯನ್ನೇ ಈ ಕಂಬಕ್ಕೂ ಹಾಕಿ ನೋಡಿ, ಹೊಂದುವುದಿಲ್ಲ. ಪೆನ್ಸಿಲ್ ಚೂಪು ಮಾಡಿ, ಮಣಿಕಟ್ಟು ಸಡಿಲ ಬಿಟ್ಟು, ಉಂಗುರಗಳನ್ನು ಒಂದೇ ಉಸಿರಿನಲ್ಲಿ ಎಳೆಯಬೇಕು.

ಮನುಷ್ಯರನ್ನು ಬರೆಯಲು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗಿಂತ ಒಳ್ಳೆಯ ಶಾಲೆ ನಮ್ಮ ಸೀಮೆಯಲ್ಲಿ ಇಲ್ಲ. ಪಂಡಿತಾರಾಧ್ಯ ಸ್ವಾಮೀಜಿಯವರ ಮಠದಲ್ಲಿ ನವೆಂಬರ್ ಹೊತ್ತಿಗೆ ಬಯಲು ರಂಗಮಂದಿರದಲ್ಲಿ ನಾಟಕೋತ್ಸವ ನಡೆಯುತ್ತದೆ. 1997ರಲ್ಲಿ ಶುರುವಾದ ಅಲ್ಲಿನ ಶಿವಸಂಚಾರ ತಂಡ ನಾಟಕಗಳನ್ನು ಹೊತ್ತು ರಾಜ್ಯವೆಲ್ಲ ತಿರುಗುತ್ತದೆ, ನಿಮ್ಮ ಊರಿಗೇ ಬಂದರೂ ಬರಬಹುದು. ಕತ್ತಲಲ್ಲಿ ಕೂತು ಹಾಳೆ ನೋಡದೆ ಬರೆಯಿರಿ. ಕಣ್ಣು ನಟರ ಮೇಲೆ, ಕೈ ಹಾಳೆಯ ಮೇಲೆ. ಮುಖ ಬೇಡ, ಬೆನ್ನು ಬಾಗಿದ ಬಗೆ, ಭಾರ ಯಾವ ಕಾಲಿನ ಮೇಲಿದೆ ಎಂಬುದು, ಇಷ್ಟಕ್ಕೆ ನಾಲ್ಕೈದು ಗೆರೆ ಸಾಕು. ಬೆಳಗ್ಗೆ ನೋಡಿದರೆ ಹೆಚ್ಚಿನವು ಕೋಳಿ ಕೆದರಿದ ಗೆರೆಗಳೇ, ಆದರೂ ಒಂದೆರಡರಲ್ಲಿ ನಟ ನಿಂತಿರುತ್ತಾನೆ. ಹೊದಿಕೆ ಮರೆಯಬೇಡಿ, ಚಳಿ ಇರುತ್ತದೆ. ರಾತ್ರಿ ಮರಳುವ ಬಸ್ಸನ್ನು ಮೊದಲೇ ವಿಚಾರಿಸಿಕೊಳ್ಳಿ.

ಬರೆದದ್ದನ್ನು ತೋರಿಸಲು ಯಾರೂ ಸಿಗದಿದ್ದರೆ ದಾವಣಗೆರೆಗೆ ಹೋಗಿ. ಅಲ್ಲಿ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯವಿದೆ. ವಿದ್ಯಾರ್ಥಿಗಳ ಪ್ರದರ್ಶನ ಇದ್ದಾಗ ಹೋದರೆ ನಿಮ್ಮ ವಯಸ್ಸಿನವರೇ ಕೆಲಸದ ಬಗ್ಗೆ ಮಾತನಾಡುತ್ತಾರೆ. ‘ಚೆನ್ನಾಗಿದೆಯಾ?’ ಎಂದು ಕೇಳಬೇಡಿ, ಚೆನ್ನಾಗಿದೆ ಎಂದುಬಿಡುತ್ತಾರೆ. ‘ಇದರಲ್ಲಿ ಯಾವುದು ಸುಳ್ಳಾಗಿ ಕಾಣುತ್ತಿದೆ?’ ಎಂದು ಕೇಳಿ.

ಕೊನೆಯದಾಗಿ ಯುವಜನೋತ್ಸವ, ಅಂದರೆ ವಿಶ್ವವಿದ್ಯಾನಿಲಯದ ಕಾಲೇಜುಗಳ ನಡುವಿನ ಸಾಂಸ್ಕೃತಿಕ ಸ್ಪರ್ಧೆಗಳು. ದುರ್ಗದ ಕಾಲೇಜುಗಳು ದಾವಣಗೆರೆ ವಿಶ್ವವಿದ್ಯಾನಿಲಯಕ್ಕೆ ಸೇರಿರುವುದರಿಂದ ನಿಮಗೂ ಅವಕಾಶವಿದೆ. ಸ್ಥಳದಲ್ಲೇ ಚಿತ್ರ ಬರೆಯುವ ಸ್ಪರ್ಧೆಗೆ ವಿಶ್ವವಿದ್ಯಾನಿಲಯಗಳ ಒಕ್ಕೂಟದ ನಿಯಮದಂತೆ ಎರಡೂವರೆ ಗಂಟೆ, 22 ಇಂಚಿಗೆ 15 ಇಂಚಿನ ಹಾಳೆ. ಹಾಳೆ ಅವರದು, ಬಣ್ಣ ಕುಂಚ ನಿಮ್ಮದು, ವಿಷಯ ಅಲ್ಲಿಯೇ ತಿಳಿಸುತ್ತಾರೆ. ಅದೇ ಅಳತೆಯ ಹಾಳೆ ಕತ್ತರಿಸಿಕೊಂಡು, ಗೆಳತಿಯೊಬ್ಬಳಿಂದ ವಿಷಯ ಹೇಳಿಸಿಕೊಂಡು, ಗಡಿಯಾರ ಇಟ್ಟು ಅಭ್ಯಾಸ ಮಾಡಿ. ಮೊದಲ ಅರ್ಧ ಗಂಟೆ ಬಣ್ಣ ಮುಟ್ಟಬೇಡಿ, ಚಿಕ್ಕ ಚೌಕಗಳಲ್ಲಿ ಮೂರು ನಾಲ್ಕು ಬಗೆಯಾಗಿ ಚಿತ್ರವನ್ನು ಹೊಂದಿಸಿ ನೋಡಿ. ಹೆಸರು ಕೊಡುವವರೇ ಇಲ್ಲದೆ ಎಷ್ಟೋ ಕಾಲೇಜುಗಳಿಂದ ಯಾರೂ ಹೋಗುವುದಿಲ್ಲ. ಸಾಂಸ್ಕೃತಿಕ ಸಮಿತಿಯ ಅಧ್ಯಾಪಕರು ಯಾರೆಂದು ಈ ವಾರವೇ ಕಚೇರಿಯಲ್ಲಿ ವಿಚಾರಿಸಿ, ಅವರ ಬಳಿ ಹೋಗುವಾಗ ನಿಮ್ಮ ರಟ್ಟು, ಕ್ಲಿಪ್ಪು, ಹಾಳೆಗಳು ಕೈಯಲ್ಲಿರಲಿ.