ಎಂಜಿನ್ ಲೈಟು ಬಂತು, ಟರ್ಬೊ ಹೋಗಿರ್ಲಿಲ್ಲ

ಕಳೆದ ಮಳೆಗಾಲದಲ್ಲಿ ಅಮ್ಮನನ್ನು ಮಂಗಳೂರಿಗೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾ ಇದ್ದೆ, ನಮ್ಮ ಕಾಸರಗೋಡಿನ ಬದಿಯಡ್ಕ ಬಿಟ್ಟು ಸೀತಾಂಗೋಳಿ ದಾಟಿದ ಮೇಲೆ ಒಂದು ಏರಿನಲ್ಲಿ ಕಾರು ಎಳೀಲಿಕ್ಕೇ ಇಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿದ್ರೂ 40ರ ಮೇಲೆ ಹೋಗ್ತಾ ಇಲ್ಲ, ಮೀಟರಲ್ಲಿ ಹಳದಿ ಎಂಜಿನ್ ಲೈಟು, ಹಿಂದೆ ನೋಡಿದ್ರೆ ಕಪ್ಪು ಹೊಗೆ. ಬದಿಗೆ ನಿಲ್ಲಿಸಿ ಆಫ್ ಮಾಡಿ ಪುನಃ ಸ್ಟಾರ್ಟ್ ಮಾಡಿದೆ, ಲೈಟು ಹೋಗ್ಲಿಲ್ಲ ಆದ್ರೆ ಎಳೀಲಿಕ್ಕೆ ಸುರು ಮಾಡ್ತು. ಕುಂಬಳೆವರೆಗೆ ಸರಿ, ಹೈವೇಯಲ್ಲಿ ಉಪ್ಪಳ ಮುಟ್ಟುವಾಗ ಮತ್ತೆ ಅದೇ. ಕೆಂಪು ಎಣ್ಣೆಡಬ್ಬದ ಲೈಟು ಬಂದಿದ್ರೆ ಅಲ್ಲೇ ಎಂಜಿನ್ ಬಂದ್ ಮಾಡ್ಬೇಕು, ಒಂದು ಮೀಟರೂ ಓಡಿಸ್ಬಾರ್ದು. ಇದು ಹಳದಿ ಆದ ಕಾರಣ ನಿಧಾನಕ್ಕೆ ಮುಟ್ಟಿಸಿದೆ.

ಮಾರನೇ ದಿನ ಗ್ಯಾರೇಜಿಗೆ ಕೊಂಡೋದೆ. ಅವರು ಸ್ಕ್ಯಾನರ್ ಹಾಕಿ ಎರಡು ನಿಮಿಷ ನೋಡಿ "ಟರ್ಬೊ ಪೋಯಿ" ಅಂದ್ರು, ಅಂದ್ರೆ ಎಂಜಿನಿಗೆ ಗಾಳಿ ಒತ್ತಿ ಕೊಡುವ ಟರ್ಬೊ ಹೋಯ್ತು ಅಂತ, 38,000 ರೂಪಾಯಿ ಆಗ್ತದೆ ಅಂತ. ಸ್ಕ್ಯಾನರಲ್ಲಿ ಬಂದ ದೋಷದ ಕೋಡು ಎಂತದು ಅಂತ ಕೇಳಿದೆ, ಪಿ0299. ಮನೆಗೆ ಬಂದು ಓದಿದ್ರೆ ಅದರ ಅರ್ಥ ಟರ್ಬೊ ಹಾಳು ಅಂತ ಅಲ್ವೇ ಅಲ್ಲ, ಬೇಕಾದಷ್ಟು ಬೂಸ್ಟ್ (ಟರ್ಬೊ ಒತ್ತಿ ಕೊಡುವ ಗಾಳಿಯ ಒತ್ತಡ) ಬರ್ತಾ ಇಲ್ಲ ಅಂತ ಮಾತ್ರ. ಅಂದ್ರೆ ಕಾರಿನ ಕಂಪ್ಯೂಟರ್ ತನಗೆ ಕಂಡದ್ದನ್ನು ಹೇಳ್ತದೆ, ಯಾಕೆ ಹಾಗಾಯ್ತು ಅಂತ ಅದಕ್ಕೆ ಗೊತ್ತಿಲ್ಲ. ಇದು ನನಗೆ ತುಂಬಾ ಮುಖ್ಯ ಅನ್ನಿಸ್ತು, ಯಾಕಂದ್ರೆ ನಮ್ಮ ಕಡೆ ಕೋಡು ನೋಡಿ ನೇರ ಪಾರ್ಟ್ ತರಿಸುವವರೇ ಹೆಚ್ಚು, ಅಡಿಕೆ ಮಾರಿದ ದುಡ್ಡು ಹೀಗೇ ಹೋಗ್ತದೆ.

ಕಾರಿನ ಕಂಪ್ಯೂಟರ್ ಹೇಳುದನ್ನು ಫೋನಿನಲ್ಲಿ ತೋರಿಸುವ ಒಂದು ಬ್ಲೂಟೂತ್ ಓಬಿಡಿ ಅಡಾಪ್ಟರ್ ತರಿಸಿದೆ, ಸಾವಿರ ರೂಪಾಯಿಯ ಒಳಗೆ ಸಿಕ್ತು. ನಮ್ಮ ದೇಶದಲ್ಲಿ 2013ರ ಏಪ್ರಿಲ್ ನಂತರದ ಕಾರುಗಳಲ್ಲಿ ಓಬಿಡಿ-2 (ಕಾರು ತನ್ನ ದೋಷ ತಾನೇ ಹೇಳುವ ವ್ಯವಸ್ಥೆ) ಉಂಟು, ನಂದು 2014ರ 1.3 ಲೀಟರ್ ಡೀಸೆಲ್. ಸ್ಟೇರಿಂಗಿನ ಅಡಿಯಲ್ಲಿ 16 ಪಿನ್ನಿನ ಸಾಕೆಟ್, ಅದಕ್ಕೆ ಸಿಕ್ಕಿಸಿ ಫೋನಿನ ಆಪಲ್ಲಿ ನೋಡುದು. ಮೊದಲು ಕೋಡ್ ಅಳಿಸ್ಬೇಡಿ. ಕೋಡ್ ಬಂದ ಕ್ಷಣದ ಸ್ಪೀಡು, ಆರ್‌ಪಿಎಂ, ಲೋಡು ಎಲ್ಲ ಫ್ರೀಜ್ ಫ್ರೇಮ್ ಅಂತ ಸೇವ್ ಆಗಿರ್ತದೆ, ಅಳಿಸಿದ್ರೆ ಅದೂ ಹೋಯ್ತು. ನನ್ನದರಲ್ಲಿ 2,600 ಆರ್‌ಪಿಎಂ, ಎಂಜಿನ್ ಮೇಲಿನ ಲೋಡು ಶೇಕಡ 90ರ ಮೇಲೆ, ಅಂದ್ರೆ ಏರಿನಲ್ಲೇ ಬಂದದ್ದು ಅಂತ ಖಾತ್ರಿ ಆಯ್ತು.

ಸೆನ್ಸರೇ ಸುಳ್ಳು ಹೇಳ್ತಾ ಉಂಟಾ ಅಂತ ನೋಡ್ಲಿಕ್ಕೆ ಸುಲಭ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿದ್ರೆ ಬೂಸ್ಟ್ ಸೆನ್ಸರ್ ಹೊರಗಿನ ಗಾಳಿಯ ಒತ್ತಡ ತೋರಿಸ್ಬೇಕು, ನಮ್ಮಂತ ಸಮುದ್ರದ ಹತ್ರದ ಊರಲ್ಲಿ ಸುಮಾರು 100 ಕಿಲೋಪಾಸ್ಕಲ್. ನನಗೆ 100 ಬಂತು, ಸೆನ್ಸರ್ ಸರಿ ಉಂಟು. ಆಮೇಲೆ ಪೆರ್ಲದ ಕಡೆ ಒಂದು ಏರಿನಲ್ಲಿ ಮೂರನೇ ಗೇರಲ್ಲಿ ಪೂರ್ತಿ ಒತ್ತಿ ಓಡಿಸಿದೆ, ಫೋನು ಅಳಿಯನ ಕೈಯಲ್ಲಿ, ಓಡಿಸುವವ ಫೋನ್ ನೋಡ್ಬಾರ್ದು. ಒತ್ತಡ 130 ಕಿಲೋಪಾಸ್ಕಲ್ ದಾಟ್ಲಿಲ್ಲ. ಪಕ್ಕದ ಮನೆಯವರ ಕಾರಲ್ಲಿ ಅದೇ ಎಂಜಿನ್, ಅವರನ್ನು ಕೇಳಿಕೊಂಡು ಅದನ್ನು ಅದೇ ಏರಿನಲ್ಲಿ ಅದೇ ಗೇರಲ್ಲಿ ಓಡಿಸಿದೆ, 195. ಡೀಸೆಲ್ ಕಡಿಮೆ ಬರ್ತಾ ಉಂಟಾ ಅಂತ ರೈಲ್ ಪ್ರೆಷರೂ (ಎಂಜಿನಿಗೆ ಡೀಸೆಲ್ ಕೊಡುವ ಪೈಪಿನ ಒಳಗಿನ ಒತ್ತಡ) ನೋಡಿದೆ, ಐಡಲಲ್ಲಿ 300 ಬಾರಿನ ಹತ್ರ, ಏರಿನಲ್ಲಿ ಸಾವಿರದ ಮೇಲೆ, ಅದರಲ್ಲಿ ದೋಷ ಕಾಣ್ಲಿಲ್ಲ. (ಆ ಪೈಪನ್ನು ಎಂಜಿನ್ ಓಡ್ತಾ ಇರುವಾಗ ಯಾವತ್ತೂ ಸಡಿಲ ಮಾಡ್ಬೇಡಿ, ಆ ಒತ್ತಡಕ್ಕೆ ಡೀಸೆಲ್ ಚರ್ಮದ ಒಳಗೇ ನುಗ್ತದೆ.)

ನಿಜವಾದ ಸುಳಿವು ಸಿಕ್ಕಿದ್ದು ಒಳಗೆ ಹೋಗುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರಲ್ಲಿ. ಟರ್ಬೊ ತಿರುಗದೆ ಇದ್ರೆ ಒಳಗೆ ಹೋಗುವ ಗಾಳಿಯೂ ಕಡಿಮೆ ಇರ್ಬೇಕು, ಒತ್ತಡವೂ ಕಡಿಮೆ ಇರ್ಬೇಕು. ನನ್ನದರಲ್ಲಿ ಗಾಳಿ ಪಕ್ಕದ ಮನೆ ಕಾರಿನಷ್ಟೇ ಒಳಗೆ ಹೋಗ್ತಾ ಉಂಟು, ಒತ್ತಡ ಮಾತ್ರ ಇಲ್ಲ. ಹಾಗಾದ್ರೆ ಟರ್ಬೊ ಒತ್ತಿದ ಗಾಳಿ ಎಂಜಿನಿಗೆ ಮುಟ್ಟುವ ಮೊದಲು ಎಲ್ಲಿಯೋ ಹೊರಗೆ ಹೋಗ್ತಾ ಉಂಟು. ಒಳಗೆ ಬಂದ ಗಾಳಿಯ ಲೆಕ್ಕಕ್ಕೆ ಡೀಸೆಲ್ ಬೀಳ್ತದೆ, ಗಾಳಿ ಸಿಲಿಂಡರಿಗೆ ಮುಟ್ಟುದಿಲ್ಲ, ಅದಕ್ಕೇ ಕಪ್ಪು ಹೊಗೆ.

ಟರ್ಬೊದಿಂದ ಇಂಟರ್‌ಕೂಲರಿಗೆ (ಟರ್ಬೊದ ಬಿಸಿ ಗಾಳಿ ತಂಪು ಮಾಡುವ ಜಾಲರಿ) ಹೋಗುವ ಹೋಸನ್ನು ಟರ್ಬೊ ಬದಿಯಲ್ಲಿ ಬಿಚ್ಚಿದೆ. ತೋಟದ ಪೈಪಿನ ಸಾಮಾನಲ್ಲಿ ಅದಕ್ಕೆ ಹೊಂದುವ ಪಿವಿಸಿ ಎಂಡ್ ಕ್ಯಾಪ್ ಸಿಕ್ತು, ಅದಕ್ಕೆ ತೂತು ಮಾಡಿ ಟ್ಯೂಬಿನ ವಾಲ್ವ್ ಕೂರಿಸಿ ಕ್ಲ್ಯಾಂಪ್ ಬಿಗಿದು ಸೈಕಲ್ ಪಂಪಲ್ಲಿ ಅರ್ಧ ಬಾರ್ ಗಾಳಿ ಹಾಕಿದೆ, ಅದಕ್ಕಿಂತ ಹೆಚ್ಚು ಬೇಡ. ಎಂಜಿನ್ ಒಳಗಿಂದ ಸ್ವಲ್ಪ ಸುಸ್ ಅಂತ ಕೇಳ್ತದೆ, ತೆರೆದಿರುವ ವಾಲ್ವಿನಿಂದ ಹೋಗುವ ಗಾಳಿ ಅದು, ಹೆದರ್ಲಿಕ್ಕೆ ಇಲ್ಲ. ಅಡಿಕೆಗೆ ಬೋರ್ಡೋ ಮದ್ದು ಬಿಡುವ ಸಣ್ಣ ಕೈಪಂಪನ್ನು ಚೆನ್ನಾಗಿ ತೊಳೆದು ಸಾಬೂನು ನೀರು ತುಂಬಿಸಿ ಹೋಸಿಗೆಲ್ಲ ಹೊಡೆದೆ. ಇಂಟರ್‌ಕೂಲರ್ ಹತ್ರ ಹೋಸಿನ ಅಡಿಭಾಗದಲ್ಲಿ, ಕ್ಲ್ಯಾಂಪಿನ ಪಕ್ಕ, ಗುಳ್ಳೆ ಗುಳ್ಳೆ ಎದ್ದು ಬಂತು. ಬರೀ ಕಣ್ಣಿಗೆ ಅಲ್ಲಿ ಎಣ್ಣೆ ಪಸೆ ಮಾತ್ರ ಕಾಣ್ತಿತ್ತು, ಬಿರುಕು ಒತ್ತಡ ಬಿದ್ದಾಗ ಮಾತ್ರ ಬಾಯಿ ಬಿಡ್ತಿತ್ತು. ಹೊಸ ಹೋಸಿಗೆ 1,800 ಆಯ್ತು. ಅದೇ ಏರಿನಲ್ಲಿ ಒತ್ತಡ ಈಗ 192.

ಎರಡು ತಿಂಗಳು ಕಳೆದು ಪುನಃ ಲೈಟು, ಈ ಸಲ ಪಿ0113. ಆಪಲ್ಲಿ ಒಳಗೆ ಬರುವ ಗಾಳಿಯ ಉಷ್ಣತೆ ಮೈನಸ್ 40 ಡಿಗ್ರಿ! ಕಾಸರಗೋಡಿನಲ್ಲಿ! ಮೈನಸ್ 40 ಕಂಡ್ರೆ ವಯರ್ ಎಲ್ಲಿಯೋ ಕಟ್ ಆಗಿದೆ ಅಂತ ತಿಳ್ಕೊಳ್ಳಿ, ಯಾಕಂದ್ರೆ ಈ ಸೆನ್ಸರಿನ ರೆಸಿಸ್ಟೆನ್ಸ್ (ಕರೆಂಟಿಗೆ ಅಡ್ಡಿ) ತಣ್ಣಗಾದಷ್ಟು ಹೆಚ್ಚು, ವಯರ್ ಕಟ್ ಆದ್ರೆ ರೆಸಿಸ್ಟೆನ್ಸಿಗೆ ಮಿತಿಯೇ ಇಲ್ಲ, ಕಂಪ್ಯೂಟರ್ ಅದನ್ನು ಭಯಂಕರ ಚಳಿ ಅಂತ ಓದ್ತದೆ. ಪ್ಲಗ್ ತೆಗೆದು ಮಲ್ಟಿಮೀಟರಲ್ಲಿ ಸೆನ್ಸರ್ ಅಳೆದೆ, ಎರಡು ಕಿಲೋ ಓಮಿನ ಹತ್ರ, ಸರಿ ಉಂಟು. ಕೀ ಆನ್ ಮಾಡಿ ಪ್ಲಗ್ಗಿನ ವಯರ್ ಬದಿ ಅಳೆದೆ, 5 ವೋಲ್ಟ್ ಇರ್ಬೇಕಾದಲ್ಲಿ ಸೊನ್ನೆ. ವಯರಿನ ಕಟ್ಟು ಹಿಡಿದು ಹಿಂದೆ ಹೋದೆ, ಬ್ಯಾಟರಿ ಟ್ರೇಯ ಹಿಂದೆ ಇಲಿ ತಿಂದಿತ್ತು, ಅಡಿಕೆ ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸುವ ಎಲ್ಲರಿಗೂ ಈ ಕಷ್ಟ ಗೊತ್ತು. ಬೆಸುಗೆ ಹಾಕಿ ಹೀಟ್ ಸ್ಲೀವ್ ಎಳೆದು ಮೇಲಿಂದ ಗೆರೆಗೆರೆಯ ಪ್ಲಾಸ್ಟಿಕ್ ಪೈಪು ಹೊದೆಸಿದೆ.

ಈಗ ವಾರಕ್ಕೊಮ್ಮೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕೀ ಆನ್ ಮಾಡಿ ನೋಡ್ತೇನೆ. ರಾತ್ರಿ ಪೂರ್ತಿ ನಿಂತ ಕಾರಲ್ಲಿ ಕೂಲೆಂಟ್ (ಎಂಜಿನ್ ತಂಪು ಮಾಡುವ ನೀರು) ಉಷ್ಣತೆ, ಗಾಳಿಯ ಉಷ್ಣತೆ ಎರಡೂ ಹೆಚ್ಚುಕಮ್ಮಿ ಒಂದೇ ಇರ್ಬೇಕು. ಇವತ್ತು ಕೂಲೆಂಟ್ 27, ಗಾಳಿ 26, ಬ್ಯಾಟರಿ 12.5 ವೋಲ್ಟ್. ಹತ್ತು ಗಂಟೆಗೆ ಅಮ್ಮನನ್ನು ಪುನಃ ಮಂಗಳೂರಿಗೆ ಕರ್ಕೊಂಡು ಹೋಗ್ಲಿಕ್ಕೆ ಉಂಟು.