ಹಿಂಡಿ ಚೀಲದಲ್ಲಿ ಬಟಾಟೆ: ನನ್ನ ಅನುಭವ

ಶಿರಸಿ ಸೀಮೆಯಲ್ಲಿ ಚೀಲದೊಳಗೆ ಬಟಾಟೆ ಬೆಳೆಯಬೇಕೆನ್ನುವವರು ಗೊಬ್ಬರಕ್ಕಿಂತ ಮೊದಲು ರಾತ್ರಿಯ ಚಳಿಯ ಲೆಕ್ಕ ಹಾಕಬೇಕು. ಗಡ್ಡೆ ಚೆನ್ನಾಗಿ ಕಟ್ಟಲು ರಾತ್ರಿಯ ಉಷ್ಣತೆ 15ರಿಂದ 20 ಡಿಗ್ರಿಯೊಳಗಿರಬೇಕು. ಸೆಕೆ ಹೆಚ್ಚಾದರೆ ಗಿಡ ಸೊಂಪಾಗಿ ಬೆಳೆದರೂ ತನ್ನ ಸತ್ವವನ್ನೆಲ್ಲ ಕಾಂಡ, ಎಲೆಗಳಿಗೇ ಕಳೆದುಬಿಡುತ್ತದೆ. ಹಾಸನದ ಕಡೆ ಮುಂಗಾರಿನಲ್ಲಿಯೇ ಈ ಬೆಳೆ ತೆಗೆಯುತ್ತಾರಾದರೂ ನಮ್ಮ ಜಡಿಮಳೆಗೆ ಗಡ್ಡೆ ಕೊಳೆಯುತ್ತದೆ, ಅಂಗಮಾರಿ ರೋಗವೂ ಬಿಡುವುದಿಲ್ಲ. ಆದ್ದರಿಂದ ನಾನು ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ ನಾಟಿ ಮಾಡುತ್ತೇನೆ. ಡಿಸೆಂಬರ್, ಜನವರಿಯ ಚಳಿಯಲ್ಲಿ ಗಡ್ಡೆ ಕಟ್ಟಿ, ಶಿವರಾತ್ರಿಯ ಹೊತ್ತಿಗೆ ಕೀಳಲು ಬರುತ್ತದೆ. ಘಟ್ಟದ ಕೆಳಗೆ ಕುಮಟಾ, ಕಾರವಾರಗಳಲ್ಲಿ ಚಳಿ ಇನ್ನೂ ಕಡಿಮೆಯಾದ್ದರಿಂದ ಅಲ್ಲಿ ಇಳುವರಿಯೂ ಕಡಿಮೆಯೆಂದೇ ಎಣಿಸಬೇಕು.

ದನದ ಹಿಂಡಿ ತುಂಬಿಬಂದ ಖಾಲಿ ಚೀಲಗಳೇ ನನಗೆ ಸಾಕಾಗಿವೆ. ತಳಕ್ಕೂ ಬದಿಗೂ ತೂತು ಮಾಡಿ, ಬಾಯಿಯನ್ನು ಹೊರಗೆ ಮಡಚಿ, ಕೆಂಪು ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ ಮತ್ತು ಕೊಳೆತ ದರಕನ್ನು (ಉದುರಿದ ಒಣ ಎಲೆ) ಸಮಪಾಲು ಬೆರೆಸಿ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ ಅರ್ಧದವರೆಗೆ ತುಂಬುತ್ತೇನೆ. ಸುಣ್ಣ ಹಾಕುವುದಿಲ್ಲ, ತುಸು ಹುಳಿಯಾದ ಮಣ್ಣು ಬಟಾಟೆಗೆ ಒಗ್ಗುತ್ತದೆ, ಸುಣ್ಣ ಹೆಚ್ಚಾದಲ್ಲಿ ಸಿಪ್ಪೆಯ ಮೇಲೆ ಕಜ್ಜಿ ಏಳುತ್ತದೆ. ಕುಫ್ರಿ ಜ್ಯೋತಿ ಎಂಬ ಬಟಾಟೆ ತಳಿಯ 40ರಿಂದ 50 ಗ್ರಾಂ ತೂಕದ ಬಿತ್ತನೆ ಗಡ್ಡೆಗಳನ್ನು ಜಗಲಿಯ ಬೆಳಕಿನಲ್ಲಿ ಹರಡಿ, ಮೊಳಕೆ ಗಿಡ್ಡಗೆ, ದಪ್ಪಗೆ ಬಂದ ಮೇಲೆ ಚೀಲಕ್ಕೆ ಎರಡರಂತೆ ನೆಡುತ್ತೇನೆ. ಕತ್ತಲೆಯಲ್ಲಿಟ್ಟರೆ ಮೊಳಕೆ ಬೆಳ್ಳಗೆ ಉದ್ದವಾಗಿ, ಕೈತಾಗಿದರೆ ಮುರಿಯುತ್ತದೆ.

ಗಿಡ ಗೇಣುದ್ದವಾದಾಗ ಒಮ್ಮೆ, ಮತ್ತಷ್ಟು ಬೆಳೆದಾಗ ಇನ್ನೊಮ್ಮೆ ಮಡಿಕೆ ಬಿಚ್ಚಿ ಮಣ್ಣೇರಿಸುತ್ತೇನೆ. ಮಣ್ಣು ಏರಿಸಿದಷ್ಟೂ ಅಂತಸ್ತಿನ ಮೇಲೆ ಅಂತಸ್ತಾಗಿ ಗಡ್ಡೆ ಬಿಡುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಕೊಯ್ಲಿನಲ್ಲಿ ಚೀಲವನ್ನು ಬದಿಯಿಂದ ಸೀಳಿ, ಮಣ್ಣನ್ನು ಪದರು ಪದರಾಗಿ ತೆಗೆದು ನೋಡಿದ್ದೇನೆ: ನೆಟ್ಟ ಗಡ್ಡೆಯ ಸುತ್ತ ಮತ್ತು ಅದರಿಂದ ಒಂದು ಗೇಣು ಮೇಲಿನವರೆಗೆ, ಕಾಂಡದ ಬುಡದಿಂದ ಹೊರಟ ಬಿಳಿಯ ಕುಡಿಗಳ ತುದಿಯಲ್ಲಿ ಮಾತ್ರ ಗಡ್ಡೆಗಳಿರುತ್ತವೆ, ಅದಕ್ಕಿಂತ ಮೇಲೆ ಬರಿಯ ಕಾಂಡ. ಮಣ್ಣೇರಿಸುವುದರ ನಿಜವಾದ ಪ್ರಯೋಜನ ಬೆಳಕನ್ನು ತಡೆಯುವುದು. ಬಿಸಿಲು ತಾಗಿದ ಗಡ್ಡೆ ಹಸಿರಾಗುತ್ತದೆ, ಅದರಲ್ಲಿ ಸೊಲನಿನ್ ಎಂಬ ವಿಷ ಕೂಡಿಕೊಳ್ಳುತ್ತದೆ, ಅಡುಗೆಗೆ ಬಳಸಬಾರದು.

ಇಳುವರಿ ಏರಿದ್ದು ಚೀಲವನ್ನು ತಂಪಾಗಿಟ್ಟದ್ದರಿಂದ. ನೆಲದಲ್ಲಿ ನೆಟ್ಟ ಗಿಡದ ಬೇರಿಗೆ ಇಳಿಬಿಸಿಲಿನ ಕಾವು ಅಷ್ಟಾಗಿ ತಟ್ಟುವುದಿಲ್ಲ, ಆದರೆ ಚೀಲದ ಪಡುವಣ ಮಗ್ಗುಲು ಸಂಜೆಯವರೆಗೂ ಕಾದಿರುತ್ತದೆ, ಆ ಮಗ್ಗುಲಿನ ಗಡ್ಡೆಗಳು ಗೋಲಿಯಷ್ಟೇ ಉಳಿಯುತ್ತವೆ. ಚೀಲಗಳನ್ನು ಒತ್ತಾಗಿ ಜೋಡಿಸಿ, ಸುತ್ತ ಹಳೆಯ ಗೋಣಿ ಹೊದಿಸಿ ಮಧ್ಯಾಹ್ನ ನೀರು ಚಿಮುಕಿಸಿ, ಪಡುವಣಕ್ಕೆ ಅಡಿಕೆ ಸೋಗೆಯ ಮರೆ ಕಟ್ಟಿದ ಮೇಲೆ ಎರಡೂ ಮಗ್ಗುಲಿನ ಗಡ್ಡೆಗಳು ಹೆಚ್ಚುಕಡಿಮೆ ಒಂದೇ ಗಾತ್ರಕ್ಕೆ ಬಂದವು. ಬೆಳಗಿನ ಬಿಸಿಲು ಮಾತ್ರ ಎಲೆಗೆ ಧಾರಾಳವಾಗಿ ಬೀಳಬೇಕು.

ನೀರು ಹದವಾಗಿ, ತಪ್ಪದೆ ಬೀಳಬೇಕು. ಒಣಗಲು ಬಿಟ್ಟು ಒಮ್ಮೆಲೇ ಸುರಿದರೆ ಗಡ್ಡೆ ಬಿರಿಯುತ್ತದೆ, ಇಲ್ಲವೇ ಗಂಟುಗಂಟಾಗುತ್ತದೆ. ಗೋಬರ್ ಗ್ಯಾಸಿನ ಸ್ಲರಿಯನ್ನು ತೆಳ್ಳಗೆ ಮಾಡಿ ಎಲೆ ಹರಡುವವರೆಗೆ ಮಾತ್ರ ಹಾಕುತ್ತೇನೆ, ಆಮೇಲೂ ಸಾರಜನಕ ಕೊಟ್ಟರೆ ಬರಿಯ ಸೊಪ್ಪೇ ಹೆಚ್ಚುತ್ತದೆ.

ಎಲೆ ಹಳದಿಯಾದಾಗ ನೀರು ನಿಲ್ಲಿಸಿ, ಕಾಂಡ ಕೊಯ್ದು, ಹತ್ತು ಹನ್ನೆರಡು ದಿನ ಬಿಟ್ಟು ಒಂದು ಗಡ್ಡೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಬೇಕು. ಸಿಪ್ಪೆ ಜಾರದಿದ್ದರೆ ಬಲಿತಿದೆ. ಚೀಲಕ್ಕೆ ಒಂದು ಕಿಲೋ, ಚಳಿ ಚೆನ್ನಾಗಿ ಬಿದ್ದ ವರ್ಷ ಒಂದೂವರೆ ಕಿಲೋ ಸಿಗುತ್ತದೆ. ತೊಳೆಯದೆ ಕತ್ತಲೆ ಕೋಣೆಯಲ್ಲಿ ಹರಡಿಟ್ಟರೆ ಕೆಲವು ವಾರ ಬಾಳುತ್ತದೆ. ಬಿತ್ತನೆಗೆ ಮಾತ್ರ ಮನೆಯ ಗಡ್ಡೆ ಉಳಿಸುವುದಿಲ್ಲ: ಮಳೆಗಾಲದ ಥಂಡಿಗೆ ಕೊಳೆಯುತ್ತದೆ, ಉಳಿದದ್ದರಲ್ಲಿಯೂ ವೈರಸ್ ರೋಗ ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತದೆ. ಶೀತಲಗೃಹದಲ್ಲಿಟ್ಟ ಹೊಸ ಬೀಜವನ್ನೇ ಪ್ರತಿ ವರ್ಷ ತರುತ್ತೇನೆ.